ಹಳೇ ಲ್ಯಾಪ್‌ಟಾಪ್‌ಗೆ ಆರು ಸಾವಿರದ ‘ರಿವೈಂಡಿಂಗ್’

ಆವತ್ತು ಭಾನುವಾರ. ಬೆಳಿಗ್ಗೆ ಹತ್ತು ಗಂಟೆಗೆ ಒಂದು ಕಂಪನಿಯ ಇಂಟರ್ನ್‌ಶಿಪ್‌ಗೆ ಆನ್‌ಲೈನ್ ಪರೀಕ್ಷೆ ಇತ್ತು. ಅರವತ್ತು ನಿಮಿಷ, ನಲವತ್ತು ಪ್ರಶ್ನೆ, ಕೊನೆಯಲ್ಲಿ ಎರಡು ಕೋಡಿಂಗ್. ಮೊಬೈಲ್‌ನಲ್ಲಿ ಬರೆಯುವಂತಿರಲಿಲ್ಲ, ಕ್ಯಾಮೆರಾ ಆನ್ ಇರಬೇಕು, ಬೇರೆ ವಿಂಡೋಗೆ ಹೋಗುವಂತಿಲ್ಲ. ನನ್ನ ಲ್ಯಾಪ್‌ಟಾಪ್ ಸ್ವಭಾವ ಗೊತ್ತಿದ್ದರಿಂದ ಒಂಬತ್ತಕ್ಕೇ ಆನ್ ಮಾಡಿ ಕೂತಿದ್ದೆ. ಹದಿನೆಂಟನೇ ಪ್ರಶ್ನೆಗೆ ಬರುವಷ್ಟರಲ್ಲಿ ಮೌಸ್ ಬಾಣ ನಿಂತಲ್ಲೇ ನಿಂತಿತು. ಫ್ಯಾನ್ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿತ್ತು. ಮೂರು ನಿಮಿಷ ಕಾದೆ, ಐದು ನಿಮಿಷ ಕಾದೆ. ಕೊನೆಗೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಮತ್ತೆ ಆನ್ ಆಗಿ ಬ್ರೌಸರ್ ತೆರೆಯುವ ಹೊತ್ತಿಗೆ ಪರದೆ ಮೇಲೆ ಇದ್ದದ್ದು ಒಂದೇ ಸಾಲು: ‘ನಿಮ್ಮ ಸೆಷನ್ ಮುಗಿದಿದೆ.’

ನನ್ನ ಜೊತೆ ಓದುವ ಇಬ್ಬರು ಆ ಸುತ್ತು ಪಾಸಾದರು. ನಾನು ಫೇಲಾದೆ ಎಂದು ಹೇಳುವುದಕ್ಕೂ ಆಗಲಿಲ್ಲ. ಪೂರ್ತಿ ಪರೀಕ್ಷೆಯನ್ನೇ ಬರೆದಿರಲಿಲ್ಲವಲ್ಲ.

ನಾನು ದಾವಣಗೆರೆಯಲ್ಲಿ ಬಿಇ ಕಂಪ್ಯೂಟರ್ ಸೈನ್ಸ್ ಆರನೇ ಸೆಮಿಸ್ಟರ್ ಓದುತ್ತಿದ್ದೇನೆ. ಊರು ಜಗಳೂರು ತಾಲ್ಲೂಕಿನಲ್ಲಿ. ಲ್ಯಾಪ್‌ಟಾಪ್ ನನ್ನದಲ್ಲ, ಬೆಂಗಳೂರಿನಲ್ಲಿ ಕೆಲಸ ಮಾಡುವ ದೊಡ್ಡಪ್ಪನ ಮಗನದ್ದು. 2014ರಲ್ಲಿ ಅವನು ಡಿಗ್ರಿ ಓದುವಾಗ ತೆಗೆದುಕೊಂಡಿದ್ದ. ನಾನು ಮೊದಲ ವರ್ಷಕ್ಕೆ ಸೇರಿದಾಗ ‘ಸದ್ಯಕ್ಕೆ ಇಟ್ಕೋ ಪುಟ್ಟಿ’ ಎಂದು ಕೊಟ್ಟ. ಆ ‘ಸದ್ಯಕ್ಕೆ’ ಮೂರು ವರ್ಷಕ್ಕೆ ಬಂದಿತ್ತು.

ಬಳೆ ಇಡುವ ಮಾತು

ಆ ಸಂಜೆ ಮನೆಗೆ ಫೋನ್ ಮಾಡಿದೆ. ಅಳಬಾರದು ಅಂದುಕೊಂಡೇ ಮಾಡಿದ್ದೆ, ಆದರೂ ಅಪ್ಪನಿಗೆ ಗೊತ್ತಾಯಿತು. ‘ಹೊಸದಕ್ಕೆ ಎಷ್ಟಾಗುತ್ತವ್ವ?’ ಎಂದು ಕೇಳಿದರು. ‘ಸುಮಾರಾಗಿರೋದು ಅಂದ್ರೂ ನಲವತ್ತು ಸಾವಿರ’ ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಕಳೆದ ವರ್ಷ ಅಕ್ಕನ ಮದುವೆಗೆ ಮಾಡಿದ ಸಾಲ ಇನ್ನೂ ಇದೆ. ಮೆಕ್ಕೆಜೋಳ ಮಾರಿದ ದುಡ್ಡು ನನ್ನ ಫೀಸಿಗೆ, ಗೊಬ್ಬರದ ಅಂಗಡಿಯ ಬಾಕಿಗೆ ಹೋಗಿತ್ತು. ‘ನಿಮ್ಮಮ್ಮನ ಬಳೆ ಸೊಸೈಟೀಲಿ ಇಟ್ರೆ ಆಗುತ್ತೆ ಬಿಡು’ ಎಂದರು.

ನನಗೆ ‘ಬೇಡ’ ಎನ್ನುವ ಧೈರ್ಯವೂ ಇರಲಿಲ್ಲ, ‘ಸರಿ’ ಎನ್ನುವ ಮನಸ್ಸೂ ಇರಲಿಲ್ಲ. ಆಮೇಲೆ ಅಪ್ಪ ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

‘ಅಲ್ಲವ್ವ, ಅದು ಪೂರ್ತಿ ಕೆಟ್ಟೈತಾ, ಇಲ್ಲ ಒಳಗಿಂದು ಏನಾದ್ರೂ ಬದಲಾಯಿಸಿದ್ರೆ ನಡೀತೈತಾ? ನಮ್ಮ ಬೋರಿನ ಮೋಟ್ರು ಸುಟ್ಟಾಗ ಹೊಸದು ತಂದ್ವಾ? ರಿವೈಂಡಿಂಗ್ ಮಾಡ್ಸಿದ್ವಲ್ಲ.’

ಮೂರು ವರ್ಷ ಕಂಪ್ಯೂಟರ್ ಸೈನ್ಸ್ ಓದಿದ ನನಗೆ ಉತ್ತರ ಗೊತ್ತಿರಲಿಲ್ಲ. ಕಂಪ್ಯೂಟರ್ ಆರ್ಗನೈಸೇಷನ್ ಪೇಪರ್‌ನಲ್ಲಿ ಮೆಮೊರಿ ಹೈರಾರ್ಕಿ ಚಿತ್ರವನ್ನು ಎರಡು ಸಲ ಬರೆದು ಅಂಕ ತೆಗೆದಿದ್ದೇನೆ. ಆದರೆ ನನ್ನದೇ ಲ್ಯಾಪ್‌ಟಾಪ್‌ನ ಹಿಂದಿನ ಮುಚ್ಚಳವನ್ನು ಒಮ್ಮೆಯೂ ಬಿಚ್ಚಿರಲಿಲ್ಲ. ‘ಒಂದು ವಾರ ಟೈಮ್ ಕೊಡಿ ಅಪ್ಪ, ನೋಡಿ ಹೇಳ್ತೀನಿ’ ಎಂದೆ.

ಮೊದಲು ರೋಗ ಪತ್ತೆ

ನಮ್ಮಲ್ಲಿ ಹೆಚ್ಚಿನವರು ‘ಲ್ಯಾಪ್‌ಟಾಪ್ ಸ್ಲೋ’ ಎಂದು ಹೇಳಿ ಸುಮ್ಮನಾಗುತ್ತೇವೆ. ಯಾವ ಭಾಗ ಸ್ಲೋ ಎಂದು ನೋಡುವುದಿಲ್ಲ. ಅದನ್ನು ನೋಡಲು ದುಡ್ಡು ಬೇಕಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ‘ಪರ್ಫಾರ್ಮೆನ್ಸ್’ ಎಂಬ ಭಾಗವಿದೆ. ಎಂದಿನಂತೆ ಬ್ರೌಸರ್‌ನಲ್ಲಿ ಆರೇಳು ಟ್ಯಾಬ್, ಜೊತೆಗೆ ವಿಎಸ್ ಕೋಡ್ ತೆರೆದು ಹತ್ತು ನಿಮಿಷ ಆ ಗ್ರಾಫ್‌ಗಳನ್ನೇ ನೋಡುತ್ತಾ ಕೂತೆ.

ಪ್ರೊಸೆಸರ್ ಶೇ 30ರಿಂದ 40ರ ಆಸುಪಾಸಿನಲ್ಲಿ ಆರಾಮಾಗಿತ್ತು. ಮೆಮೊರಿ ಶೇ 93. ಡಿಸ್ಕ್ ಮಾತ್ರ ಶೇ 100ಕ್ಕೆ ಅಂಟಿಕೊಂಡಿತ್ತು, ಇಳಿಯುವ ಲಕ್ಷಣವೇ ಇಲ್ಲ.

ಆಗ ಪಠ್ಯಪುಸ್ತಕದ ಚಿತ್ರ ಮೊದಲ ಬಾರಿಗೆ ಅರ್ಥವಾಯಿತು. ನನ್ನದು 4 ಜಿಬಿ ರ‍್ಯಾಮ್. ಈಗಿನ ಬ್ರೌಸರ್‌ಗೆ ಅದು ಸಾಲದು. ರ‍್ಯಾಮ್ ತುಂಬಿದಾಗ ವಿಂಡೋಸ್ ಸದ್ಯ ಬೇಡವಾದ ಮಾಹಿತಿಯನ್ನು ತೆಗೆದು ಹಾರ್ಡ್ ಡಿಸ್ಕ್‌ನಲ್ಲಿ ಇಡುತ್ತದೆ, ಬೇಕಾದಾಗ ಮತ್ತೆ ತರುತ್ತದೆ. ನನ್ನ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5,400 ಸುತ್ತು ತಿರುಗುವ ತಟ್ಟೆಯದ್ದು. ಅದರ ಮೇಲೆ ಒಂದು ಸಣ್ಣ ಕೈ ಅತ್ತಿತ್ತ ಓಡಾಡಿ ಓದಬೇಕು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಒಬ್ಬರೇ ಅಟೆಂಡರ್ ಇದ್ದು, ಹತ್ತು ಜನ ಒಟ್ಟಿಗೆ ಹತ್ತು ಕಡತ ಕೇಳಿದ ಹಾಗೆ. ಅಂದರೆ ಕಾಯಿಲೆ ಎರಡು, ಒಂದು ಇನ್ನೊಂದನ್ನು ಹೆಚ್ಚಿಸುತ್ತಿತ್ತು: ರ‍್ಯಾಮ್ ಸಾಲದ್ದಕ್ಕೆ ಡಿಸ್ಕ್‌ಗೆ ಹೊರೆ, ಡಿಸ್ಕ್ ನಿಧಾನವಾದ್ದರಿಂದ ಎಲ್ಲವೂ ಸ್ತಬ್ಧ. ಪಾಪ ಪ್ರೊಸೆಸರ್ ಕೆಲಸವಿಲ್ಲದೆ ಕಾಯುತ್ತಿತ್ತು.

ಅದೇ ಪುಟದಲ್ಲಿ ಇನ್ನೊಂದು ಉಪಯುಕ್ತ ಸಾಲು ಸಿಕ್ಕಿತು. ಮೆಮೊರಿ ಭಾಗದ ಕೆಳಗೆ ‘ಎರಡರಲ್ಲಿ ಒಂದು ಸ್ಲಾಟ್ ಬಳಕೆಯಲ್ಲಿದೆ’ ಎಂದಿತ್ತು. ಅಂದರೆ ರ‍್ಯಾಮ್ ಹಾಕಲು ಒಂದು ಜಾಗ ಖಾಲಿ ಇತ್ತು! ಹನ್ನೆರಡು ವರ್ಷದಿಂದ ಖಾಲಿಯೇ ಇತ್ತು.

ನಂತರ ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ ಹಾರ್ಡ್ ಡಿಸ್ಕ್‌ನ ಆರೋಗ್ಯ ನೋಡಿದೆ. ನೀಲಿ ಬಣ್ಣದಲ್ಲಿ ‘ಗುಡ್’ ಎಂದು ಬರಬೇಕಿತ್ತು. ನನಗೆ ಬಂದದ್ದು ಹಳದಿಯಲ್ಲಿ ‘ಕಾಷನ್’. ಡಿಸ್ಕ್‌ನ ಕೆಲವು ಭಾಗಗಳು ಆಗಲೇ ಕೆಟ್ಟು, ಅದು ಮೀಸಲು ಜಾಗ ಬಳಸುತ್ತಿತ್ತು. ನಿಜಕ್ಕೂ ಭಯವಾಗಿದ್ದು ಆಗಲೇ. ಮಿನಿ ಪ್ರಾಜೆಕ್ಟ್‌ನ ಪೂರ್ತಿ ಕೋಡ್, ಅಕ್ಕನ ಮದುವೆ ಫೋಟೊಗಳು ಎಲ್ಲ ಅದರಲ್ಲೇ ಇದ್ದವು. ಸ್ಟುಡಿಯೊದವರು ಕೊಟ್ಟ ಪೆನ್‌ಡ್ರೈವ್ ಎಲ್ಲೋ ಕಳೆದುಹೋಗಿತ್ತು. ಆ ರಾತ್ರಿ ಬೇರೆ ಯಾವ ಕೆಲಸವನ್ನೂ ಮಾಡಲಿಲ್ಲ. ರೂಮ್‌ಮೇಟ್‌ನ ಎಕ್ಸ್‌ಟರ್ನಲ್ ಡಿಸ್ಕ್ ಕೇಳಿ ತಂದು, ಮೊದಲು ಫೋಟೊ, ಆಮೇಲೆ ಪ್ರಾಜೆಕ್ಟ್, ಆಮೇಲೆ ನೋಟ್ಸ್ ನಕಲು ಮಾಡಿದೆ. ಮುಗಿದಾಗ ಎರಡು ಗಂಟೆ.

ಇದನ್ನು ಓದುತ್ತಿರುವವರು ಬೇರೇನೂ ಮಾಡದಿದ್ದರೂ ಪರವಾಗಿಲ್ಲ, ಇವತ್ತು ಇದೊಂದು ಮಾಡಿ. ಹಳೆಯ ಹಾರ್ಡ್ ಡಿಸ್ಕ್ ಕೈಕೊಡುವ ಮುಂಚೆ ಹೇಳಿಯೇ ಹೋಗುತ್ತದೆ ಎಂಬ ಭರವಸೆಯಿಲ್ಲ.

ಒಂದಕ್ಷರದ ತಪ್ಪು

ನನ್ನ ಬಳಿ ಇದ್ದುದು 6,500 ರೂಪಾಯಿ. ಪಕ್ಕದ ಬೀದಿಯ ಇಬ್ಬರು ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳಿ ಉಳಿಸಿದ 4,500, ಅಪ್ಪ ಕಳಿಸಿದ 2,000. ಅಷ್ಟರಲ್ಲೇ ಮುಗಿಸಬೇಕಿತ್ತು.

ಪ್ರೊಸೆಸರ್ ಬದಲಾಯಿಸಬಹುದೇ ಎಂದು ಮೊದಲು ನೋಡಿದೆ. ನನ್ನದು ಇಂಟೆಲ್‌ನ ನಾಲ್ಕನೇ ಪೀಳಿಗೆಯ ಐ3, ಹೆಸರಿನ ಕೊನೆಯಲ್ಲಿ ‘ಯು’ ಇರುವಂಥದ್ದು. ಈ ಜಾತಿಯವನ್ನು ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ, ತೆಗೆಯುವಂತಿಲ್ಲ. ಗ್ರಾಫಿಕ್ಸ್ ಕೂಡ ಅದರೊಳಗೇ ಇದೆ. ಹಾಗಾಗಿ ಆ ಆಸೆ ಅಲ್ಲಿಗೇ ಮುಗಿಯಿತು. ಉಳಿದದ್ದು ಡಿಸ್ಕ್, ರ‍್ಯಾಮ್, ಬ್ಯಾಟರಿ.

ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ ಹಾಕಬೇಕು. ಅದರಲ್ಲಿ ತಿರುಗುವ ತಟ್ಟೆ ಇಲ್ಲ, ಚಿಪ್‌ಗಳಷ್ಟೇ. ಅಂಗಡಿಯಲ್ಲಿ ಈಗ ಹೆಚ್ಚು ಕಾಣುವುದು ಚೂಯಿಂಗ್ ಗಮ್ ಪಟ್ಟಿಯಂತಿರುವ ಎಂ.2 ಎಸ್‌ಎಸ್‌ಡಿ. ಅದು ನನ್ನಂಥ ಹಳೆಯ ಲ್ಯಾಪ್‌ಟಾಪ್‌ಗೆ ಕೂರುವುದಿಲ್ಲ. ಹಳೆಯದಕ್ಕೆ ಬೇಕಾದದ್ದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ. ಹಾರ್ಡ್ ಡಿಸ್ಕ್ ಇದ್ದ ಜಾಗದಲ್ಲೇ ಅದೇ ಕನೆಕ್ಟರ್‌ಗೆ ಕೂರುತ್ತದೆ. ಎಂ.2ಗಳಲ್ಲೂ ಸಾಟಾ, ಎನ್‌ವಿಎಂಇ ಎಂದು ಎರಡು ಬಗೆ ಇವೆ, ನೋಡಲು ಒಂದೇ ತರ ಇರುತ್ತವೆ. ಸ್ವಲ್ಪ ಹೊಸ ಲ್ಯಾಪ್‌ಟಾಪ್ ಇರುವವರು ತಮ್ಮದು ಯಾವುದಕ್ಕೆ ಒಪ್ಪುತ್ತದೆ ಎಂದು ಮಾದರಿ ಸಂಖ್ಯೆ ಹಾಕಿ ಮ್ಯಾನುಯಲ್‌ನಲ್ಲಿ ನೋಡಿಕೊಂಡೇ ಕೊಳ್ಳಬೇಕು.

ದಾವಣಗೆರೆಯ ಒಂದು ಚಿಕ್ಕ ಅಂಗಡಿಯಲ್ಲಿ 256 ಜಿಬಿ ಎಸ್‌ಎಸ್‌ಡಿ 2,400 ರೂಪಾಯಿಗೆ ಸಿಕ್ಕಿತು, ಬಿಲ್ ಮತ್ತು ಮೂರು ವರ್ಷದ ವಾರಂಟಿ ಸಹಿತ. ‘ನೋಡಮ್ಮಾ, ಹೋದ ವರ್ಷ ಬಂದಿದ್ರೆ ಇನ್ನೂ ಕಡಿಮೆಗೆ ಕೊಡ್ತಿದ್ದೆ’ ಎಂದರು ಅಂಗಡಿಯವರು. ನಿಜವೇ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್‌ಗಳ ಬೇಡಿಕೆ ಹೆಚ್ಚಿ 2025ರ ಕೊನೆಯಿಂದ ದರ ಏರಿದೆ. ಎಲ್ಲೋ ದೂರದ ದೇಶದ ಸರ್ವರ್‌ಗೂ ನನ್ನ ಟ್ಯೂಷನ್ ದುಡ್ಡಿಗೂ ಸಂಬಂಧವಿದೆ ಎಂದು ಆಗ ಗೊತ್ತಾಯಿತು.

ರ‍್ಯಾಮ್ ವಿಷಯದಲ್ಲಿ ತಪ್ಪು ಮಾಡಿದೆ. ನನ್ನ ಲ್ಯಾಪ್‌ಟಾಪ್‌ಗೆ ಬೇಕಾದ ಹಳೆಯ ಬಗೆಯ ರ‍್ಯಾಮ್ ಇಲ್ಲಿ ಸಿಗಲಿಲ್ಲ. ಅಣ್ಣನಿಗೆ ಫೋನ್ ಮಾಡಿ, ‘ಎಸ್.ಪಿ. ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಡಿಡಿಆರ್3, 8 ಜಿಬಿ ಸಿಗುತ್ತಾ ನೋಡು’ ಎಂದೆ. ಅವನು ಶನಿವಾರ ಹೋಗಿ ತಂದ, ಊರಿಗೆ ಬರುವಾಗ ಕೊಟ್ಟ. ಹಾಕಿದೆ. ಪವರ್ ಒತ್ತಿದೆ. ಲೈಟ್ ಹತ್ತಿತು, ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ತೆಗೆದು ಒರೆಸಿ ಮತ್ತೆ ಹಾಕಿದೆ. ಮತ್ತೆ ಕಪ್ಪು. ಇದ್ದ ಲ್ಯಾಪ್‌ಟಾಪನ್ನೂ ಹಾಳು ಮಾಡಿಬಿಟ್ಟೆ ಎಂದು ಕೈ ನಡುಗಿತು. ಬಳೆಯ ಮಾತು ಮತ್ತೆ ನೆನಪಾಯಿತು. ಹೊಸ ರ‍್ಯಾಮ್ ತೆಗೆದು ಹಳೆಯದನ್ನಷ್ಟೇ ಬಿಟ್ಟಾಗ ಎಂದಿನಂತೆ ಆನ್ ಆಯಿತು. ಅಬ್ಬಾ!

ಎರಡು ರ‍್ಯಾಮ್‌ಗಳನ್ನೂ ಪಕ್ಕಪಕ್ಕ ಇಟ್ಟು ಚೀಟಿ ಓದಿದೆ. ಹಳೆಯದರ ಮೇಲೆ ‘ಪಿಸಿ3ಎಲ್-12800ಎಸ್’, ಹೊಸದರ ಮೇಲೆ ‘ಪಿಸಿ3-12800ಎಸ್’. ನಡುವಿನ ‘ಎಲ್’ ಇಲ್ಲ. ‘ಎಲ್’ ಎಂದರೆ ಲೋ ವೋಲ್ಟೇಜ್. ಮಾಮೂಲಿ ಡಿಡಿಆರ್3ಗೆ 1.5 ವೋಲ್ಟ್ ಬೇಕು, ಡಿಡಿಆರ್3ಎಲ್‌ಗೆ 1.35 ಸಾಕು. ನನ್ನ ಪ್ರೊಸೆಸರ್ ಒಪ್ಪುವುದು ಎರಡನೆಯದನ್ನು ಮಾತ್ರ. ಎರಡಕ್ಕೂ 204 ಪಿನ್, ಕಚ್ಚು ಒಂದೇ ಜಾಗದಲ್ಲಿ. ಹಾಗಾಗಿ ಕೂರುವುದೇನೋ ಕೂತಿತ್ತು. (ಡಿಡಿಆರ್4 ಆಗಿದ್ದರೆ 260 ಪಿನ್, ಕೂರುತ್ತಲೇ ಇರಲಿಲ್ಲ.) ಅಣ್ಣನದ್ದೂ ತಪ್ಪಿಲ್ಲ, ಅಂಗಡಿಯವರದ್ದೂ ಇಲ್ಲ. ನಾನು ಹೇಳುವಾಗ ಒಂದಕ್ಷರ ಬಿಟ್ಟಿದ್ದೆ. ಮುಂದಿನ ವಾರ ಅವನು ಬದಲಾಯಿಸಿಕೊಂಡು ಬಂದ, ಅದಕ್ಕೆ ಇನ್ನೂರು ರೂಪಾಯಿ ಮುರಿದುಕೊಂಡರು. ಪಾಠದ ಫೀಸು ಅಂದುಕೊಂಡೆ. ಈಗ ಯಾರೇ ಕೇಳಿದರೂ ಹೇಳುವುದು ಒಂದೇ: ಬಾಯಲ್ಲಿ ಹೇಳಬೇಡಿ, ಇರುವ ರ‍್ಯಾಮ್‌ನ ಚೀಟಿಯ ಫೋಟೊ ತೆಗೆದು ಕಳಿಸಿ.

ಮುಚ್ಚಳ ಬಿಚ್ಚಿದ ದಿನ

ಬಿಚ್ಚುವುದು ನಾನು ಅಂದುಕೊಂಡಷ್ಟು ಕಷ್ಟವಿರಲಿಲ್ಲ, ಆದರೆ ಅವಸರ ಮಾಡುವ ಕೆಲಸವೂ ಅಲ್ಲ. ಚಾರ್ಜರ್ ತೆಗೆದು, ಬ್ಯಾಟರಿ ಕಳಚಿ, ಪವರ್ ಬಟನ್ ಅನ್ನು ಹದಿನೈದು ಸೆಕೆಂಡ್ ಒತ್ತಿ ಹಿಡಿದೆ. ಒಳಗೆ ಉಳಿದ ವಿದ್ಯುತ್ ಖಾಲಿಯಾಗಲಿ ಎಂದು. ಮೈಯಲ್ಲಿರುವ ಸ್ಥಿರ ವಿದ್ಯುತ್ ಚಿಪ್‌ಗೆ ಹೊಡೆಯದಂತೆ ಆಗಾಗ ಕಿಟಕಿಯ ಬಣ್ಣವಿಲ್ಲದ ಕಬ್ಬಿಣದ ಸರಳು ಮುಟ್ಟುತ್ತಿದ್ದೆ. ಉಲ್ಲನ್ ಸ್ವೆಟರ್ ಹಾಕಿಕೊಂಡು, ಹಾಸಿಗೆ ಮೇಲೆ ಕೂತು ಈ ಕೆಲಸ ಮಾಡಬಾರದು.

ಒಂದು ಬಿಳಿ ಹಾಳೆಯಲ್ಲಿ ಲ್ಯಾಪ್‌ಟಾಪ್‌ನ ತಳದ ಚಿತ್ರ ಬರೆದು, ತೆಗೆದ ಸ್ಕ್ರೂಗಳನ್ನು ಅವು ಇದ್ದ ಜಾಗಕ್ಕೇ ಸೆಲೊಟೇಪಿನಿಂದ ಅಂಟಿಸುತ್ತಾ ಹೋದೆ. ಉದ್ದದ ಸ್ಕ್ರೂ ಗಿಡ್ಡದ ಜಾಗಕ್ಕೆ ಹೋದರೆ ಇನ್ನೊಂದು ಬದಿಯಲ್ಲಿ ತೂತಾಗುತ್ತದೆ. ಅಂಚುಗಳನ್ನು ಬಿಡಿಸಲು ಚಾಕು ಬೇಡ, ಅವಧಿ ಮುಗಿದ ಎಟಿಎಂ ಕಾರ್ಡ್ ಸಾಕು. ರ‍್ಯಾಮನ್ನು ಓರೆಯಾಗಿ ಒಳಕ್ಕೆ ತಳ್ಳಿ, ಆಮೇಲೆ ಕೆಳಕ್ಕೆ ಒತ್ತಿದಾಗ ಎರಡೂ ಬದಿಯ ಕ್ಲಿಪ್ ‘ಟಕ್’ ಎನ್ನಬೇಕು. ಎನ್ನದಿದ್ದರೆ ಸರಿಯಾಗಿ ಕೂತಿಲ್ಲವೆಂದು ಅರ್ಥ, ಬಲ ಹಾಕಬಾರದು.

ಫ್ಯಾನ್ ನೋಡಿ ನಗು ಬಂತು. ರಜೆಯಲ್ಲಿ ಊರಿಗೆ ಒಯ್ದಾಗೆಲ್ಲ ಕುಡಿದ ಕಣದ ದೂಳು ಫ್ಯಾನ್ ಮತ್ತು ಗಾಳಿ ಹೊರಹೋಗುವ ಜಾಲರಿಯ ನಡುವೆ ಕಂಬಳಿಯಂತೆ ಕೂತಿತ್ತು. ಹಳೆಯ ಪೇಂಟಿಂಗ್ ಬ್ರಷ್‌ನಿಂದ ತೆಗೆದೆ. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿತ್ತು. ಅದನ್ನು ಒರೆಸಿ, ಅವರೆಕಾಳಿಗಿಂತ ಚಿಕ್ಕದಾಗಿ ಹೊಸ ಪೇಸ್ಟ್ ಹಾಕಿದೆ. ಮೊದಲು ಕೆಲಸ ಮಾಡುವಾಗ 90 ಡಿಗ್ರಿ ದಾಟುತ್ತಿದ್ದ ಬಿಸಿ ಈಗ 70ರ ಆಸುಪಾಸಿನಲ್ಲಿದೆ. ಬಿಸಿ ಮಿತಿಮೀರಿದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹಾಗಾಗಿ ನೂರೈವತ್ತು ರೂಪಾಯಿಯ ಪೇಸ್ಟ್ ಕೂಡ ವೇಗಕ್ಕೆ ಹಾಕಿದ ದುಡ್ಡೇ.

ಸೆಕೆಂಡ್ ಹ್ಯಾಂಡ್ ರ‍್ಯಾಮ್ ಆದ್ದರಿಂದ ಮೆಮ್‌ಟೆಸ್ಟ್86 ಎಂಬ ಉಚಿತ ಪರೀಕ್ಷೆಯನ್ನು ರಾತ್ರಿಯಿಡೀ ಓಡಿಸಿದೆ. ಬೆಳಿಗ್ಗೆ ಎದ್ದು ನೋಡಿದರೆ ಸೊನ್ನೆ ದೋಷ. ಪರೀಕ್ಷೆಯಲ್ಲಿ ಸೊನ್ನೆ ಬಂದದ್ದಕ್ಕೆ ಖುಷಿಪಟ್ಟದ್ದು ಅದೇ ಮೊದಲು!

ಯಾವ ಒಎಸ್?

ಹಳೆಯ ಡಿಸ್ಕ್‌ನಲ್ಲಿದ್ದುದನ್ನು ಹಾಗೇ ನಕಲು ಮಾಡುವ ಬದಲು ಎಲ್ಲವನ್ನೂ ಹೊಸದಾಗಿ ಹಾಕಿದೆ. ಕೆಟ್ಟ ಡಿಸ್ಕ್‌ನ ಕಸ ಹೊಸ ಮನೆಗೆ ಬೇಡವೆನಿಸಿತು. ಮದರ್‌ಬೋರ್ಡ್ ಬದಲಾಗದ ಕಾರಣ ವಿಂಡೋಸ್ ಲೈಸೆನ್ಸ್ ತಾನಾಗಿಯೇ ಆ್ಯಕ್ಟಿವೇಟ್ ಆಯಿತು.

ಆದರೆ ಒಂದು ತೊಡಕಿದೆ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ಪೀಳಿಗೆ ಅಥವಾ ನಂತರದ ಪ್ರೊಸೆಸರ್ ಮತ್ತು ಟಿಪಿಎಂ 2.0 ಇರಬೇಕೆಂಬ ನಿಯಮವಿದೆ. ನನ್ನದು ನಾಲ್ಕನೆಯದು. ನೋಂದಾಯಿಸಿಕೊಂಡವರಿಗೆ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್‌ವರೆಗೆ ಸಿಗುತ್ತದೆ, ನೋಂದಾಯಿಸಿಕೊಂಡಿದ್ದೇನೆ. ಜೊತೆಗೆ ಇನ್ನೊಂದು ಭಾಗದಲ್ಲಿ ಲಿನಕ್ಸ್ ಮಿಂಟ್ ಹಾಕಿದೆ. ಅದು ಉಚಿತ, 4 ಜಿಬಿ ರ‍್ಯಾಮ್‌ನಲ್ಲೂ ನಡೆಯುತ್ತದೆ. ಓದು, ಕೋಡಿಂಗ್, ಬ್ರೌಸಿಂಗ್ ಎಲ್ಲ ಈಗ ಅದರಲ್ಲೇ. ವಿಂಡೋಸ್ ಉಳಿಸಿಕೊಂಡದ್ದು ಪರೀಕ್ಷೆಗಳಿಗಾಗಿ. ಕ್ಯಾಮೆರಾ ಇಟ್ಟು ಕಾಯುವ ಕೆಲವು ಪರೀಕ್ಷಾ ಸಾಫ್ಟ್‌ವೇರ್‌ಗಳು ಲಿನಕ್ಸ್‌ನಲ್ಲಿ ಓಡುವುದಿಲ್ಲ. ಕೆಲಸ ಹುಡುಕುತ್ತಿರುವವರು ಇದನ್ನು ಮರೆತು ಪೂರ್ತಿ ಲಿನಕ್ಸ್‌ಗೆ ಹೋದರೆ ಪರೀಕ್ಷೆಯ ದಿನ ಒದ್ದಾಡಬೇಕಾಗುತ್ತದೆ.

ಲೆಕ್ಕ ಹೀಗಿದೆ

ಎಸ್‌ಎಸ್‌ಡಿ 2,400. ಸೆಕೆಂಡ್ ಹ್ಯಾಂಡ್ 8 ಜಿಬಿ ರ‍್ಯಾಮ್ 1,300. ಹೊಸ ಬ್ಯಾಟರಿ 1,900. ಹಳೆಯದು ಇಪ್ಪತ್ತು ನಿಮಿಷವೂ ನಿಲ್ಲುತ್ತಿರಲಿಲ್ಲ, ಕರೆಂಟ್ ಹೋದರೆ ಪರೀಕ್ಷೆಯೂ ಹೋದಂತೆ. ಥರ್ಮಲ್ ಪೇಸ್ಟ್ 150. ಹಳೆಯ ಹಾರ್ಡ್ ಡಿಸ್ಕ್ ಹಾಕಿಡಲು ಯುಎಸ್‌ಬಿ ಕೇಸ್ 300. ಒಂದಕ್ಷರದ ತಪ್ಪಿಗೆ 200. ಒಟ್ಟು 6,250 ರೂಪಾಯಿ. ಇವು ನಾನು ಕೊಟ್ಟ ದರ, ನೀವು ಹೋಗುವ ದಿನ ಬೇರೆ ಇರಬಹುದು.

ಆನ್ ಆಗಿ ಬ್ರೌಸರ್ ತೆರೆಯಲು ಮೊದಲು ನಾಲ್ಕು ನಿಮಿಷ ಬೇಕಿತ್ತು, ಈಗ ಮೊಬೈಲ್ ಸ್ಟಾಪ್‌ವಾಚ್‌ನಲ್ಲಿ 25 ಸೆಕೆಂಡ್. ರ‍್ಯಾಮ್ ಒಟ್ಟು 12 ಜಿಬಿ. ಹಳದಿ ಎಚ್ಚರಿಕೆಯ ಹಾರ್ಡ್ ಡಿಸ್ಕ್‌ನಲ್ಲಿ ಸಿನಿಮಾ ಮಾತ್ರ ಇಟ್ಟಿದ್ದೇನೆ, ಹೋದರೂ ನಷ್ಟವಿಲ್ಲ. ಹಳೆಯ ಬ್ಯಾಟರಿಯನ್ನು ಕಸದ ಬುಟ್ಟಿಗೆ ಹಾಕದೆ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಟ್ಟೆ. ಲಿಥಿಯಂ ಬ್ಯಾಟರಿ ಕಸದ ಗಾಡಿಯಲ್ಲಿ ಜಜ್ಜಿಹೋದರೆ ಬೆಂಕಿ ಹತ್ತುವ ಅಪಾಯವಿದೆ.

ಆಗದ ಕೆಲಸಗಳನ್ನೂ ಹೇಳಬೇಕು. ಪ್ರೊಸೆಸರ್ ಅದೇ ಎರಡು ಕೋರ್‌ನದ್ದು. ಆ್ಯಂಡ್ರಾಯ್ಡ್ ಸ್ಟುಡಿಯೊದ ಎಮ್ಯುಲೇಟರ್ ತೆರೆದರೆ ಈಗಲೂ ಏದುಸಿರು ಬಿಡುತ್ತದೆ. ಅದಕ್ಕೆ ನನ್ನ ಮೊಬೈಲನ್ನೇ ಕೇಬಲ್‌ನಿಂದ ಜೋಡಿಸಿ ಆ್ಯಪ್ ಪರೀಕ್ಷಿಸುತ್ತೇನೆ. ಮಷೀನ್ ಲರ್ನಿಂಗ್ ಲ್ಯಾಬ್‌ನ ಪ್ರೋಗ್ರಾಂಗಳನ್ನು ಗೂಗಲ್ ಕೊಲ್ಯಾಬ್‌ನಲ್ಲಿ ಓಡಿಸುತ್ತೇನೆ. ಗೇಮ್ ಆಡಲು, ದೊಡ್ಡ ವಿಡಿಯೊ ಎಡಿಟ್ ಮಾಡಲು ಇದು ಆಗದು. ಪರದೆ ಮಂಕು, ಹಾಗೇ ಇದೆ.

ಎಲ್ಲರಿಗೂ ಇದೇ ಮದ್ದಲ್ಲ

ಸುದ್ದಿ ಹಬ್ಬಿ ಹಾಸ್ಟೆಲ್‌ನ ಜೂನಿಯರ್‌ಗಳು ಲ್ಯಾಪ್‌ಟಾಪ್ ಹಿಡಿದು ಬರತೊಡಗಿದರು. ಮೂವರಿಗೆ ಎಸ್‌ಎಸ್‌ಡಿ ಹಾಕಿಕೊಟ್ಟೆ. ನಾಲ್ಕನೆಯವಳಿಗೆ ‘ಇದಕ್ಕೆ ದುಡ್ಡು ಹಾಕಬೇಡ’ ಎಂದು ಹೇಳಬೇಕಾಯಿತು. ಅವಳದ್ದು ತೆಳ್ಳಗಿನ, ನೋಡಲು ನನ್ನದಕ್ಕಿಂತ ಚೆಂದದ ಲ್ಯಾಪ್‌ಟಾಪ್. ಒಳಗೆ ಸೆಲೆರಾನ್ ಪ್ರೊಸೆಸರ್, ರ‍್ಯಾಮ್ ಬೆಸುಗೆ ಹಾಕಿದ್ದು, 32 ಜಿಬಿಯ ಸ್ಟೋರೇಜ್ ಕೂಡ ಬೋರ್ಡ್‌ಗೇ ಅಂಟಿದ್ದು. ಬದಲಾಯಿಸಲು ಏನೂ ಇರಲಿಲ್ಲ. ಅವಳ ಮುಖ ಸಪ್ಪಗಾಯಿತು, ನನಗೂ ಬೇಜಾರಾಯಿತು. ಆದರೆ ಅವಳ ಮೂರು ಸಾವಿರ ಉಳಿಯಿತು.

ಹಾಗಾಗಿ ದುಡ್ಡು ಹಾಕುವ ಮುಂಚೆ ಇಷ್ಟು ನೋಡಿಕೊಳ್ಳಿ:

* ಡಿಸ್ಕ್, ಮೆಮೊರಿ, ಪ್ರೊಸೆಸರ್ ಮೂರರಲ್ಲಿ ಶೇ 100ಕ್ಕೆ ಅಂಟಿಕೊಳ್ಳುವುದು ಯಾವುದು? ಪ್ರೊಸೆಸರ್ ಆಗಿದ್ದರೆ ಎಸ್‌ಎಸ್‌ಡಿ, ರ‍್ಯಾಮ್‌ನಿಂದ ಹೆಚ್ಚು ಲಾಭವಿಲ್ಲ.
* ರ‍್ಯಾಮ್ ಸ್ಲಾಟ್ ಇದೆಯೇ, ಬೆಸುಗೆಯೇ? ಲ್ಯಾಪ್‌ಟಾಪ್ ಗರಿಷ್ಠ ಎಷ್ಟು ಜಿಬಿ ಒಪ್ಪುತ್ತದೆ?
* ಒಂದಕ್ಕೆ ಮಾತ್ರ ದುಡ್ಡಿದ್ದು, ಇರುವುದು ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ ಮೊದಲು ಎಸ್‌ಎಸ್‌ಡಿ, ಆಮೇಲೆ ರ‍್ಯಾಮ್.
* ಹಿಂಜ್ ಮುರಿದಿದ್ದರೆ, ತಾನಾಗಿ ಆಫ್ ಆಗುತ್ತಿದ್ದರೆ, ನೀರು ಬಿದ್ದಿದ್ದರೆ ಮೊದಲು ಮೆಕ್ಯಾನಿಕ್‌ಗೆ ತೋರಿಸಿ. ಬ್ಯಾಟರಿ ಉಬ್ಬಿದ್ದರೆ ಬಳಸುವುದನ್ನೇ ನಿಲ್ಲಿಸಿ.
* ಐನೂರು ರೂಪಾಯಿಗೆ ಒಂದು ಟಿಬಿ ಎನ್ನುವ ಡಿಸ್ಕ್‌ಗಳನ್ನು ನಂಬಬೇಡಿ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ಸಾಫ್ಟ್‌ವೇರ್ ನಿಜವಾದ ಸಾಮರ್ಥ್ಯ ಹೇಳುತ್ತದೆ.
* ಖರ್ಚು ಏಳೆಂಟು ಸಾವಿರ ದಾಟುವಂತಿದ್ದರೆ ನಿಲ್ಲಿ. ಎಂಟನೇ ಪೀಳಿಗೆಯ ಐ5 ಇರುವ ರೀಫರ್ಬಿಷ್ಡ್ ಲ್ಯಾಪ್‌ಟಾಪ್‌ಗಳ ದರವನ್ನೂ ಒಮ್ಮೆ ವಿಚಾರಿಸಿ.

ಈಗ ನೆಪ ಇಲ್ಲ

ಒಂದು ತಿಂಗಳ ನಂತರ ಇನ್ನೊಂದು ಕಂಪನಿಯ ಪರೀಕ್ಷೆ ಬಂತು. ಅದೇ ಮೇಜು, ಅದೇ ಲ್ಯಾಪ್‌ಟಾಪ್. ಅರ್ಧದಲ್ಲಿ ಕರೆಂಟ್ ಹೋಯಿತು, ವೈಫೈ ಕೂಡ ಹೋಯಿತು. ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ಬ್ಯಾಟರಿಯಲ್ಲೇ ಪೂರ್ತಿ ಬರೆದೆ. ಆ ಸುತ್ತು ಪಾಸಾದೆ. ಮುಂದಿನ ಸಂದರ್ಶನದಲ್ಲಿ ಡೇಟಾಬೇಸ್ ನಾರ್ಮಲೈಸೇಷನ್ ಬಗ್ಗೆ ಕೇಳಿದರು, ತಡವರಿಸಿದೆ, ಹೊರಬಿದ್ದೆ. ಬೇಸರವಾಯಿತು, ಆದರೆ ಮೊದಲ ಸಲದ ಬೇಸರದ ತರ ಅಲ್ಲ. ಈ ಸಲ ನನಗೆ ಗೊತ್ತಿಲ್ಲದ್ದೇನೆಂದು ಗೊತ್ತಿತ್ತು. ಲ್ಯಾಪ್‌ಟಾಪ್ ಮೇಲೆ ಹಾಕಲು ನೆಪ ಇರಲಿಲ್ಲ. ಈಗ ಸಂಜೆ ಅದನ್ನೇ ಓದುತ್ತಿದ್ದೇನೆ, ಮುಂದಿನ ತಿಂಗಳು ಇನ್ನೆರಡು ಕಂಪನಿಗಳಿವೆ.

ಯುಗಾದಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪ್ ಒಯ್ದಿದ್ದೆ. ಅಪ್ಪ ಪಹಣಿ ನೋಡಬೇಕು ಎಂದರು. ಜಗಲಿ ಮೇಲೆ ಕೂತು ಆನ್ ಮಾಡಿ, ಭೂಮಿ ವೆಬ್‌ಸೈಟ್ ತೆರೆದು ಸರ್ವೆ ನಂಬರ್ ಹಾಕಿ ತೋರಿಸಿದೆ. ಅವರು ಪಹಣಿಗಿಂತ ಹೆಚ್ಚಾಗಿ ಲ್ಯಾಪ್‌ಟಾಪನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಅಮ್ಮ ಒಬ್ಬಟ್ಟಿನ ತಟ್ಟೆ ತಂದಿಟ್ಟಳು. ಕೈಯಲ್ಲಿ ಬಳೆ ಇತ್ತು.

‘ಇನ್ನೆಷ್ಟು ವರ್ಷ ಬರ್ತೈತವ್ವ ಇದು?’ ಎಂದರು ಅಪ್ಪ.

‘ಇನ್ನೊಂದೆರಡು ವರ್ಷ ಬರಬಹುದು ಅಪ್ಪ.’

‘ಮೋಟ್ರಿಗೂ ಅವರು ಹಂಗೇ ಅಂದಿದ್ರು’ ಎಂದು ಅಪ್ಪ ಹೊಲದ ಕಡೆ ಕೈ ತೋರಿಸಿದರು. ‘ಐದು ವರ್ಷ ಆತು, ಇನ್ನೂ ನೀರು ಎತ್ತತೈತಿ.’